ಬರ್ಮನ ಹಿಂದೆ ನಿಂತವರು

“ಗುರುಗಳೇ, ಮತ ಹಾಕುವುದನ್ನು ಎಲ್ಲರಿಗೂ ಕಡ್ಡಾಯ ಮಾಡಿಬಿಟ್ಟರೆ ತಪ್ಪೇನು?” ಎಂದು ಶಿಷ್ಯ ಕೇಳಿದ. ಅವನು ಅಂದು ಬೆಳಗ್ಗೆಯೇ ಮತ ಹಾಕಿ ಬಂದಿದ್ದ. ದಾರಿಯುದ್ದಕ್ಕೂ ಜಗಲಿಗಳ ಮೇಲೆ ಚೌಕಾಬಾರ ಆಡುತ್ತ ಕುಳಿತವರನ್ನು ಕಂಡು ಅವನಿಗೆ ಸಿಟ್ಟು ಬಂದಿತ್ತು.

“ಒಂದು ಹೊಳೆ ಇತ್ತು” ಎಂದು ಗುರುಗಳು ಶುರುಮಾಡಿದರು. “ಅದರ ಹೆಸರು ಕೇಳಬೇಡ. ನಾನು ಸಲಕ್ಕೊಂದು ಹೇಳುತ್ತೇನೆ.”

ಆ ಹೊಳೆಗೆ ಸೇತುವೆಯಿರಲಿಲ್ಲ. ದಾಟಬೇಕಾದರೆ ಊರಿನ ಹರಿಗೋಲೇ ಗತಿ. ಬಿದಿರು ಹೆಣೆದು ಚರ್ಮ ಹೊದಿಸಿದ ಆ ದುಂಡು ದೋಣಿಯನ್ನು ಯಾರು ನಡೆಸಬೇಕೆಂದು ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಊರೇ ತೀರ್ಮಾನಿಸುತ್ತಿತ್ತು. ಅಂಬಿಗರು ಮರಳಿನ ಮೇಲೆ ನಿಲ್ಲುವರು. ಊರವರು ತಮಗೆ ಬೇಕಾದವನ ಹಿಂದೆ ಹೋಗಿ ನಿಲ್ಲುವರು. ಯಾರ ಸಾಲು ಉದ್ದವೋ ಅವನ ಕೈಗೆ ಹುಟ್ಟು.

ಹುಟ್ಟು ಹಾಕಲು ತಕ್ಕವನೆಂದರೆ ಹಿರಿಯ ಅಂಬಿಗ ಒಬ್ಬನೇ. ಆದರೆ ಒಬ್ಬನನ್ನೇ ನಿಲ್ಲಿಸಿದರೆ ಅದು ಆಯ್ಕೆ ಅನ್ನಿಸುವುದಿಲ್ಲವಲ್ಲ! ಅದಕ್ಕೆ ಪಕ್ಕದಲ್ಲಿ ಬರ್ಮ ಎಂಬವನನ್ನು ನಿಲ್ಲಿಸುತ್ತಿದ್ದರು. ಬರ್ಮನೂ ಅಂಬಿಗರವನೇ. ಬೋರಲು ಹಾಕಿದ ಹರಿಗೋಲಿನ ನೆರಳಲ್ಲಿ ನಿದ್ದೆ ಮಾಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಒಮ್ಮೆ ಮದುವೆಯ ದಿಬ್ಬಣವನ್ನು ಹತ್ತಿಸಿಕೊಂಡು, ನಡುನೀರಿನಲ್ಲಿ ಗರಗರ ತಿರುಗಿಸಿ, ಹೊರಟ ದಡಕ್ಕೇ ತಂದು, “ಊರು ಬಂತು, ಇಳಿಯಿರಿ” ಎಂದಿದ್ದ. ಮದುಮಗ ಇಳಿದೂ ಬಿಟ್ಟಿದ್ದನಂತೆ. ಇದು ಸುಳ್ಳಿದ್ದರೂ ಇರಬಹುದು. ಬರ್ಮನ ಹಿಂದೆ ಒಂದು ನರಪಿಳ್ಳೆಯೂ ನಿಂತಿರಲಿಲ್ಲವೆಂಬುದು ಮಾತ್ರ ನಿಜ.

ಗೆಲ್ಲುವವನು ಹೇಗೂ ಹಿರಿಯ ಅಂಬಿಗನೇ ಎಂದು ಜನ ವರ್ಷದಿಂದ ವರ್ಷಕ್ಕೆ ಬರುವುದನ್ನು ಬಿಟ್ಟರು. ಊರಗೌಡನಿಗೆ ಇದು ಸರಿಕಾಣಲಿಲ್ಲ. ಯಾರು ಬರುವುದಿಲ್ಲವೋ ಅವರ ಮನೆಯವರಿಗೆ ಈ ವರ್ಷ ಹರಿಗೋಲಿನಲ್ಲಿ ಜಾಗವಿಲ್ಲವೆಂದು ಡಂಗುರ ಸಾರಿಸಿದ.

ಆ ಊರಿನಲ್ಲಿ ಒಬ್ಬ ಗಾಣಿಗನಿದ್ದ. ಸಾವಿನ ಮನೆಯಲ್ಲೂ ನಗಿಸಿ ಬೈಸಿಕೊಂಡು ಬರುವ ಪೈಕಿ. ಒಬ್ಬಳೇ ಮಗಳನ್ನು ಆಚೆ ದಡದ ಊರಿಗೆ ಕೊಟ್ಟಿದ್ದ. ಹರಿಗೋಲು ತಪ್ಪಿದರೆ ಮಗಳ ಮುಖ ಕಾಣುವಂತಿಲ್ಲ. ಆಡುತ್ತಿದ್ದ ಗಾಣ ನಿಲ್ಲಿಸಿ, ಎತ್ತು ಬಿಚ್ಚಿ, ಗೊಣಗಿಕೊಂಡು ಹೊಳೆದಂಡೆಗೆ ಬಂದ. ಅಲ್ಲಿ ನೋಡಿದರೆ ಊರಿಗೆ ಊರೇ ಮುಖ ಗಂಟಿಕ್ಕಿಕೊಂಡು ನೆರೆದಿತ್ತು.

ಗಾಣಿಗ ನೆಟ್ಟಗೆ ಹೋಗಿ ಬರ್ಮನ ಹಿಂದೆ ನಿಂತ.

“ಏನಯ್ಯಾ ಇದು?” ಎಂದ ಗೌಡ.

“ಬಾ ಅಂದಿರಿ, ಬಂದೆ. ನಿಲ್ಲು ಅಂದಿರಿ, ನಿಂತೆ. ನಮ್ಮ ಬರ್ಮಣ್ಣನ ಬೆನ್ನಿಗೂ ಒಂದು ದಿನ ನೆರಳು ಬೇಡವೇ, ಗೌಡರೇ?”

ಜನ ಗೊಳ್ಳೆಂದು ನಕ್ಕರು. ಕ್ಷೌರ ಅರ್ಧಕ್ಕೆ ಬಿಟ್ಟು ಬಂದವನು ಗಾಣಿಗನ ಹಿಂದೆ ನಿಂತ. ಅರ್ಧ ಕ್ಷೌರದ ಗಡ್ಡದವನು ಅವನ ಹಿಂದೆ. ಒಲೆಯ ಮೇಲೆ ಅನ್ನ ಬಿಟ್ಟು ಬಂದವಳು, ದನ ಬಿಟ್ಟು ಬಂದವನು, ಎಳೆಸಿಕೊಂಡು ಬಂದವರೆಲ್ಲ ನಗುತ್ತ ನಗುತ್ತ ಬಂದು ನಿಂತರು. ಸಾಲು ಬೆಳೆದು ನೀರಿನ ಅಂಚು ಮುಟ್ಟಿತು. ಗೌಡ ಎಣಿಸಿದ. ಮುಖ ಒರೆಸಿಕೊಂಡು ಮತ್ತೆ ಎಣಿಸಿದ. ಹಿರಿಯ ಅಂಬಿಗ ಹುಟ್ಟನ್ನು ಮೆಲ್ಲಗೆ ಮರಳಿನ ಮೇಲಿಟ್ಟು ಮನೆಗೆ ಹೋದ. ಆಮೇಲೆ ಯಾರೂ ನಗಲಿಲ್ಲ.

ಅದೇ ಸಂಜೆ ಆಚೆ ದಡದಿಂದ ಸುದ್ದಿ ಬಂತು. ಮಗಳು ಬಸುರಿ. ಚೊಚ್ಚಲ ಹೆರಿಗೆಗೆ ತವರಿಗೆ ಕರೆದುಕೊಂಡು ಹೋಗಬೇಕು. ಲೆಕ್ಕ ಹಾಕಿದರೆ ಹೊಳೆ ತುಂಬಿ ಹರಿಯುವ ಕಾಲಕ್ಕೇ ಬರುತ್ತದೆ.

ಗಾಣಿಗನಿಗೆ ಉಂಡದ್ದು ಮೈಗೆ ಹತ್ತಲಿಲ್ಲ. ತೀರ್ಮಾನ ಬದಲಿಸಿರೆಂದು ಗೌಡನ ಬಳಿ ಓಡಿದ. “ಬರಬೇಕೆಂದು ಹೇಳಿದವನು ನಾನು, ಒಪ್ಪಿದೆ. ಬರ್ಮನ ಹಿಂದೆ ನಿಲ್ಲಬೇಕೆಂದು ನಾನು ಹೇಳಿದೆನೇನಯ್ಯಾ?” ಎಂದು ಗೌಡ ಬಾಗಿಲು ಹಾಕಿಕೊಂಡ. ಅಲ್ಲಿಂದ ಗಾಣಿಗ ಹಿರಿಯ ಅಂಬಿಗನ ಮನೆಗೆ ಹೋಗಿ ಕಾಲು ಹಿಡಿದ.

“ಯಜಮಾನರೇ, ಅದೊಂದು ದಿನ ಹುಟ್ಟು ನೀವು ಹಿಡಿಯಿರಿ.”

“ನಿನ್ನ ಮಗಳನ್ನು ಸರಿ, ದಾಟಿಸಿಯೇನು. ಮಿಕ್ಕವರ ಮಕ್ಕಳನ್ನು ಯಾರು ದಾಟಿಸಬೇಕೋ?”

ಗಾಣಿಗ ಹಿಡಿದ ಕಾಲು ಬಿಡಲಿಲ್ಲ.

“ಬರ್ಮನ ಕೈ ಕೆಟ್ಟದ್ದಲ್ಲ, ನಿದ್ದೆ ಕೆಟ್ಟದ್ದು” ಎಂದ ಮುದುಕ. “ಕಲಿಸುವುದು ನನಗಿರಲಿ. ಎಬ್ಬಿಸಿ ತರುವುದು ನಿನ್ನ ಪಾಲು.”

ಮರುದಿನದಿಂದ ಗಾಣಿಗ ಕೋಳಿ ಕೂಗುವ ಹೊತ್ತಿಗೆ ಒಂದು ಗಿಂಡಿ ಹರಳೆಣ್ಣೆ ಹಿಡಿದು ಬರ್ಮನ ತಲೆಯ ಬಳಿ ನಿಲ್ಲತೊಡಗಿದ. ಎದ್ದರೆ ತಲೆಗೆ, ಏಳದಿದ್ದರೆ ಬಾಯಿಗೆ. ಬರ್ಮ ಏಳುತ್ತಿದ್ದ. ಮುದುಕ ದಡದಲ್ಲಿ ಕುಳಿತು ಬೈಯುತ್ತಿದ್ದ. ಖಾಲಿ ಹರಿಗೋಲು ಗಾಳಿಗೆ ಓಲಾಡಬಾರದೆಂದು ಭಾರಕ್ಕೆ ಗಾಣಿಗನೇ ಒಳಗೆ ಕೂರುತ್ತಿದ್ದ. ಹೊಳೆ ಅವನಿಗೆ ಸಾಕಷ್ಟು ಸಲ ಸ್ನಾನ ಮಾಡಿಸಿತು.

“ಗಾಣಿಗಣ್ಣಾ, ನಿನ್ನ ಎತ್ತು ಬೆಳಗಿನಿಂದ ಬೈಗಿನವರೆಗೆ ಸುತ್ತುತ್ತದೆ, ಒಂದು ಮಾರು ಮುಂದೆ ಹೋಗುವುದಿಲ್ಲ. ಅದಕ್ಕೆ ಹಿಂಡಿ ತಿನ್ನಿಸುತ್ತೀಯ. ನಾನು ಎರಡು ಸುತ್ತು ಸುತ್ತಿದರೆ ಬೈಗುಳವೇ?” ಎಂದು ಬರ್ಮ ಕೇಳುತ್ತಿದ್ದ. ಗಾಣಿಗ ಹರಿಗೋಲಿಗೆ ನುಗ್ಗಿದ ನೀರನ್ನು ಮೊಗೆದು ಹೊರಗೆ ಚೆಲ್ಲುತ್ತಿದ್ದ.

ಅದಕ್ಕಿಂತ ಅವನಿಗೆ ಚುಚ್ಚುತ್ತಿದ್ದದ್ದು ಇನ್ನೊಂದು ಮಾತು. ಹುಟ್ಟು ಹಾಕುತ್ತ ಹಾಕುತ್ತ ಬರ್ಮ ಆಗಾಗ ತನ್ನಷ್ಟಕ್ಕೆ, “ಅಷ್ಟು ಜನ ನಾನೇ ಬೇಕೆಂದರಲ್ಲಾ!” ಎನ್ನುತ್ತಿದ್ದ. ಅವನು ಅದನ್ನು ನಂಬಿಬಿಟ್ಟಿದ್ದ. ಗಾಣಿಗ ಅತ್ತ ಮುಖ ತಿರುಗಿಸಿ ನೀರು ನೋಡುತ್ತಿದ್ದ.

ಮಳೆ ಬಂತು. ಹೊಳೆ ಕೆಂಪಾಯಿತು. ಗಾಣಿಗ ಗಾಣದ ಕೆಲಸ ಹೆಂಡತಿಗೆ ಬಿಟ್ಟು ದಂಡೆಯಲ್ಲೇ ಇರತೊಡಗಿದ. ಹರಿಗೋಲಿನ ಚರ್ಮಕ್ಕೆ ಎಣ್ಣೆ ತಿಕ್ಕುವನು. ಹೆಚ್ಚಿಗೆ ಹತ್ತಿದವರನ್ನು, ತನ್ನ ಭಾವಮೈದುನನೇ ಆಗಲಿ, ರಟ್ಟೆ ಹಿಡಿದು ಇಳಿಸುವನು.

ಮಗಳನ್ನು ಕರೆತರುವ ದಿನ ಬಂತು. ಆಚೆ ದಡದಲ್ಲಿ ಅವಳು ಬಂದು ನಿಂತಿದ್ದಳು. ಅವಳ ಸೀರೆಯ ಹಸಿರು ಈಚೆಗೆ ಕಾಣುತ್ತಿತ್ತು. ಬರ್ಮ ಹೊಳೆಯನ್ನು ನೋಡಿದ. ಹುಟ್ಟನ್ನು ನೀರಿಗಿಳಿಸಿ ಸೆಳೆತ ನೋಡಿದ.

“ಇವತ್ತು ಬೇಡ.”

“ಲೇ ಬರ್ಮಾ, ಮಗಳು ಕಾಯುತ್ತಿದ್ದಾಳೆ ಕಣೋ! ಮುಹೂರ್ತ ಮೀರುತ್ತದೆ.”

“ಮೀರಲಿ. ನನ್ನ ಹಿಂದೆ ಮೊದಲು ಬಂದು ನಿಂತವನು ನೀನು. ನಿನ್ನ ಮಗಳನ್ನು ಈ ನೀರಿಗೆ ಇಳಿಸುವುದಿಲ್ಲ.”

ಗಾಣಿಗ ಬೈದ, ಬೇಡಿದ, ಹರಳೆಣ್ಣೆಯ ಗಿಂಡಿ ತೋರಿಸಿದ. ಬರ್ಮ ಹರಿಗೋಲನ್ನು ದಡಕ್ಕೆಳೆದು ಬೋರಲು ಹಾಕಿ ಅದರ ಮೇಲೆ ಕುಳಿತ. ಸ್ವಲ್ಪ ಹೊತ್ತಿಗೆ ಬುಡಸಮೇತ ಕಿತ್ತುಬಂದ ಒಂದು ಮತ್ತಿಮರ ನಡುಹೊಳೆಯಲ್ಲಿ ಉರುಳುತ್ತ ಹೋಯಿತು. ಇಬ್ಬರೂ ಅದು ಕಣ್ಮರೆಯಾಗುವವರೆಗೆ ನೋಡಿದರು. ಹಿರಿಯ ಅಂಬಿಗ ಎದ್ದು ಬಂದು ತನ್ನ ಕಂಬಳಿಯನ್ನು ಬರ್ಮನ ಹೆಗಲಿಗೆ ಹೊದಿಸಿದ.

ನೀರು ಇಳಿದ ಮೇಲೆ ಹರಿಗೋಲು ಹೊರಟಿತು. ಎಲ್ಲಿಯೂ ಸುತ್ತಲಿಲ್ಲ. ತುಂಬುಬಸುರಿಯನ್ನು, ತುಂಬಿದ ಕೊಡ ಇಳಿಸುವಂತೆ ಈಚೆ ದಡಕ್ಕೆ ಇಳಿಸಿತು.

“ಅಪ್ಪಾ, ಯಾಕೆ ಅಳುತ್ತಿದ್ದೀ?”

“ಕಣ್ಣಿಗೆ ಎಣ್ಣೆ ಸಿಡಿಯಿತು ಮಗಳೇ” ಎಂದ ಗಾಣಿಗ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತು. “ಹಾಗಾದರೆ ಗೌಡ ಬಲವಂತ ಮಾಡಿದ್ದೇ ಒಳ್ಳೆಯದಾಯಿತಲ್ಲವೇ, ಗುರುಗಳೇ?”

“ಗೌಡನ ಬಲವಂತ ಗಾಣಿಗನನ್ನು ಹೊಳೆದಂಡೆಗೆ ತಂದದ್ದು ಒಂದು ದಿನ; ಉಳಿದ ದಿನವೆಲ್ಲ ಅವನನ್ನು ಅಲ್ಲಿಗೆ ತಂದದ್ದು ಯಾವುದಪ್ಪಾ?”