ಗಂಗಕ್ಕನ ಪಕ್ಕೆಯ ನೀರು

ಹೊಳೆ ಬಂದು ಕಡಲಿಗೆ ಬೀಳುವ ಜಾಗದಲ್ಲಿ ಒಂದು ಕಾಂಡ್ಲಾ ಕಾಡಿತ್ತು. ಮರಗಳೆಲ್ಲ ಉಪ್ಪುನೀರಿನಲ್ಲೇ ಬೇರು ಬಿಟ್ಟು ನಿಂತಿದ್ದವು. ಅಲ್ಲಿ ದಾಮು ಎಂಬ ನೀರುನಾಯಿ ವೈದ್ಯಿಕೆ ಮಾಡಿಕೊಂಡಿದ್ದ.

ಒಂದು ಬೆಳಿಗ್ಗೆ, ಕಡಲಡಿಯ ಹುಲ್ಲು ಮೇಯುವ ದೊಡ್ಡ ಮೈಯ ಕಡಲಹಸು ಗಂಗಕ್ಕ ಏದುಸಿರು ಬಿಡುತ್ತ ದಡದ ಹತ್ತಿರ ಬಂದಳು. ಹಾಲು ಕುಡಿಯುವ ಕರು ಅವಳಿಗೆ ಅಂಟಿಕೊಂಡೇ ಇತ್ತು. ದಾಮು ಪಕ್ಕೆ ತಟ್ಟಿ ನೋಡಿದ.

"ಎದೆಗೂಡಿನಲ್ಲಿ ಏನೋ ತುಂಬಿದೆ ಅಕ್ಕ. ಬರೀ ನೀರಾದರೆ ಒಂದು ಮದ್ದು, ಕೀವಾದರೆ ಇನ್ನೊಂದು. ತಪ್ಪು ಮದ್ದು ಕೊಟ್ಟರೆ ಜೀವಕ್ಕೇ ಕುತ್ತು ಬರುತ್ತೆ. ಒಂದು ತೊಟ್ಟು ತೆಗೆದು ನೋಡಬೇಕು."

"ನೋಡಪ್ಪ. ಆದರೆ ಕರುವಿಗೆ ನಾನೊಬ್ಬಳೇ, ಹುಷಾರು," ಎಂದಳು ಗಂಗಕ್ಕ.

ದಾಮುವಿನ ಹತ್ತಿರ ಮುಳ್ಳುಹಂದಿ ಉದುರಿಸಿದ ಮುಳ್ಳೊಂದಿತ್ತು. ಅದರ ಎರಡೂ ತುದಿ ಓರೆಯಾಗಿ ಕಡಿದು, ಒಳಗಿನದನ್ನು ಕೆರೆದು ಕೊಳವೆ ಮಾಡಿಟ್ಟಿದ್ದ. ಆದರೆ ಎಲ್ಲಿ ಚುಚ್ಚುವುದು? ಆ ದಪ್ಪ ಚರ್ಮದ ಕೆಳಗೆ ಏನೆಲ್ಲಿದೆ ಎಂದು ಯಾರು ಕಂಡಿದ್ದಾರೆ?

ದಡದ ಬಂಡೆಯ ಮೇಲಿಂದ ನರಿ ಬೈರಣ್ಣ ಕೂಗಿದ. "ಅದಕ್ಕೇನು ಯೋಚನೆ ದಾಮು? ಎಡಪಕ್ಕೆ, ಈಜುರೆಕ್ಕೆಯ ಹಿಂದೆ. ಜೋರಾಗಿ ಚುಚ್ಚು!"

ಹೇಳುವಾಗಲೇ ಅವನ ಬಾಯಿಂದ ಜೊಲ್ಲು ಸುರಿಯಿತು. ಅಷ್ಟು ದೊಡ್ಡ ಮೈ ದಡಕ್ಕೆ ಬಿದ್ದರೆ ಅವನಿಗೆ ಎಷ್ಟು ದಿನ ಹಬ್ಬ!

ಡಾಲ್ಫಿನ್ ಸಾವಂತಿ ಈಜಿ ಬಂದಳು. "ದಾಮಣ್ಣ, ತಡಿ." ಅವಳು ಗಂಗಕ್ಕನ ಕಡೆ ತಿರುಗಿ ಟಿಕ್ ಟಿಕ್ ಎಂದು ಸದ್ದು ಬಿಟ್ಟಳು. ಸದ್ದು ಮೈಯೊಳಗೆ ಇಳಿದು ತಿರುಗಿ ಬಂತು. "ಎಡಗಡೆ ಗುಂಡಿಗೆ ಬಡೀತಾ ಇದೆ, ಅಲ್ಲಿ ಮುಟ್ಟಬೇಡ. ತುಂಬಿರೋದು ಬಲಗಡೆ."

ಬೈರಣ್ಣ ಬಿದ್ದು ಬಿದ್ದು ನಕ್ಕ. "ಟಿಕ್ ಟಿಕ್ ಅಂದರೆ ಒಳಗಿನದು ಕಾಣುತ್ತಾ? ಹಲ್ಲಿಯೂ ದಿನಾ ಲೊಚಗುಡುತ್ತಪ್ಪ, ಅದೂ ವೈದ್ಯನೇನು?"

ಬಿಸಿಲು ಕಾಯುತ್ತಿದ್ದ ಏಡಿಗಳೂ ನಕ್ಕವು. ದಾಮು ಎತ್ತಿದ್ದ ಕೊಳವೆಯನ್ನು ಕೆಳಗಿಳಿಸಿದ. ಇವರಲ್ಲಿ ಯಾರನ್ನು ನಂಬುವುದು?

ಬೈರಣ್ಣನಿಗೆ ಇನ್ನಷ್ಟು ಹುರುಪು ಬಂತು. "ಪರೀಕ್ಷೆ ಆಗಲಿ. ನನ್ನ ಹೊಟ್ಟೇಲಿ ಏನಿದೆ ಅಂತ ಹೇಳು ನೋಡೋಣ. ಗಂಗಕ್ಕನ ಚಿಂತೇಲಿ ನಾನು ನಿನ್ನೆಯಿಂದ ಉಪವಾಸ!"

"ಅಲ್ಲಿ ಬಂಡೆ ಮೇಲೆ ಕೂತರೆ ನನ್ನ ಸದ್ದು ನಿನ್ನ ಮೈಗೆ ಇಳಿಯೋಲ್ಲ. ಹೊಟ್ಟೆ ಮುಳುಗೋವರೆಗೆ ನೀರಿಗೆ ಬಾ."

ಬೈರಣ್ಣ ಮೀಸೆ ತಿರುವಿಕೊಂಡೇ ನೀರಿಗಿಳಿದ. ಸಾವಂತಿ ಟಿಕ್ ಟಿಕ್ ಎಂದಳು.

"ದುಂಡಗೆ ಏನೋ ಇವೆ. ಮೆತ್ತನೆ ಸಿಪ್ಪೆ. ಅಗಿಯದೆ ನುಂಗಿದ್ದೀಯ. ಆಮೆ ಮೊಟ್ಟೆ ಥರ ಇವೆಯಲ್ಲ ಬೈರಣ್ಣ!"

ಅಲ್ಲೇ ತೇಲುತ್ತಿದ್ದ ಆಮೆಯಜ್ಜಿ ತಲೆ ಎತ್ತಿದಳು. ಅವಳು ಮರಳಲ್ಲಿ ಹೂತಿಟ್ಟ ಮೊಟ್ಟೆಗಳು ರಾತ್ರಿಯೇ ಮಾಯವಾಗಿದ್ದವು. "ಸುಳ್ಳು! ಸುಳ್ಳು!" ಎಂದು ಬೈರಣ್ಣ ದಡಕ್ಕೆ ಹಾರುವಷ್ಟರಲ್ಲಿ ಅಜ್ಜಿ ಅವನ ಬಾಲ ಕಚ್ಚಿ ಎಳೆದಳು. ಅವನು ಮುಗ್ಗರಿಸಿ ಗಟಗಟನೆ ಉಪ್ಪುನೀರು ಕುಡಿದ. ಹೊಟ್ಟೆ ತೊಳಸಿತು. ಎಲ್ಲರ ಕಣ್ಣೆದುರಿಗೇ ಬಾಯಿಂದ ಒಂದು ಬಿಳಿ ಮೊಟ್ಟೆ ಪುಳಕ್ಕನೆ ಆಚೆ ಬಿತ್ತು.

"ಉಪವಾಸ ಜೋರಾಗೇ ಇದೆ!" ಎಂದಿತು ಒಂದು ಏಡಿ. ಬೈರಣ್ಣ ಬಾಲದ ತುದಿಯನ್ನು ಅಜ್ಜಿಯ ಬಾಯಲ್ಲೇ ಬಿಟ್ಟು ಓಡಿದ.

ದಾಮು ಮತ್ತೆ ಕೊಳವೆ ಎತ್ತಿಕೊಂಡು ಗಂಗಕ್ಕನ ಬಲಗಡೆಗೆ ಬಂದ.

"ಬಲಕ್ಕೆ... ಸ್ವಲ್ಪ ಕೆಳಗೆ... ಮೆಲ್ಲಗೆ ಒಳಗೆ ಬಿಡು... ಸಾಕು," ಎಂದಳು ಸಾವಂತಿ. ಕೊಳವೆಯಲ್ಲಿ ಹಳದಿ ಕೀವು ಏರಿ ಬಂತು. ದಾಮು ಮೂಸಿ ನೋಡಿ, ಕೀವಿನ ಮದ್ದಾದ ಕಹಿ ಪಾಚಿ ಅರೆದು ತಿನ್ನಿಸಿದ. ಕೆಲವು ದಿನಗಳಲ್ಲಿ ಗಂಗಕ್ಕ ಕರುವಿನೊಂದಿಗೆ ಮುಳುಗಿ ಎದ್ದು, ನೀರು ಚಿಮ್ಮುವ ಹಾಗೆ ಉಸಿರು ಬಿಟ್ಟಳು.

ಬೈರಣ್ಣ ಮತ್ತೆ ದಡಕ್ಕೆ ಬರಲಿಲ್ಲ. ಹಲ್ಲಿ ಲೊಚಗುಟ್ಟಿದರೂ ಹೊಟ್ಟೆ ಮುಚ್ಚಿಕೊಂಡು ಓಡುತ್ತಿದ್ದನಂತೆ.

ನೀತಿ: ಇನ್ನೊಬ್ಬರ ಜೀವ ಕೈಯಲ್ಲಿರುವಾಗ ಊಹೆಯಿಂದ ಕೆಲಸ ಮಾಡಬಾರದು, ಬಲ್ಲವರನ್ನು ಸುಳ್ಳರೆಂದು ತೋರಿಸಲು ಹೊರಟ ಕಪಟಿ ಕೊನೆಗೆ ತನ್ನ ಕಳ್ಳತನವನ್ನೇ ಬಯಲು ಮಾಡಿಕೊಳ್ಳುತ್ತಾನೆ.