ಒಂದು ಮೊರ ತೌಡು

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ತಮ್ಮದಾಗುವುದಿಲ್ಲ ಎಂದು ಗೊತ್ತಿದ್ದೂ ಒಂದಕ್ಕಾಗಿ ಹಂಬಲಿಸುವವರು ಮೂಢರಲ್ಲವೇ?"

"ಮೂಢರು ಅನ್ನುವ ಮಾತು ನಿನ್ನ ಬಾಯಿಗೆ ಬಹಳ ಸಲೀಸಾಗಿ ಬರುತ್ತದಪ್ಪ" ಎಂದರು ಗುರುಗಳು. "ಒಂದು ಕತೆ ಹೇಳುತ್ತೇನೆ. ಕೇಳಿದ ಮೇಲೆ ಬೇಕಾದರೆ ಇನ್ನೊಮ್ಮೆ ಅನ್ನು."

ಒಂದು ಊರಿನಲ್ಲಿ ಒಬ್ಬ ಗಾಣಿಗನಿದ್ದ. ಅವನ ಹೆಂಡತಿ ಕೆಂಚಮ್ಮ. ತಲೆಗೂದಲು ನರೆಯುವ ಹೊತ್ತಾದರೂ ಅವಳ ಮಡಿಲು ತುಂಬಿರಲಿಲ್ಲ. ಹರಕೆ ಹೊತ್ತದ್ದಾಯಿತು, ಅರಳಿಮರ ಸುತ್ತಿದ್ದಾಯಿತು, ಹೇಳಿದವರು ಹೇಳಿದ ಬೇರನ್ನೆಲ್ಲ ಅರೆದು ಕುಡಿದದ್ದೂ ಆಯಿತು. ಕೊನೆಗೆ ವಿಚಾರಿಸುತ್ತಿದ್ದ ನೆಂಟರೂ ವಿಚಾರಿಸುವುದನ್ನು ಬಿಟ್ಟರು. ಆಸೆ ಮಾತ್ರ ಅವಳನ್ನು ಬಿಡಲಿಲ್ಲ.

ಪಕ್ಕದ ಮನೆ ಒಬ್ಬ ರೈತನದು. ಅಲ್ಲಿಯದು ಇನ್ನೊಂದು ಬಗೆಯ ಸಂಕಟ. ಅವನ ಹೆಂಡತಿಗೆ ಮಕ್ಕಳು ಹುಟ್ಟುತ್ತಿದ್ದವು, ತೊಟ್ಟಿಲಿಗೆ ಹಾಕುವ ಮೊದಲೇ ಕಣ್ಣು ಮುಚ್ಚುತ್ತಿದ್ದವು. ಅವಳು ಮತ್ತೆ ಬಸುರಾದಳೆಂದಾಗ ಮನೆಯಲ್ಲಿ ಯಾರಿಗೂ ನಗಲು ಧೈರ್ಯ ಬರಲಿಲ್ಲ.

ಮಕ್ಕಳು ಉಳಿಯದ ಮನೆಗೆಂದು ಆ ಸೀಮೆಯಲ್ಲಿ ಒಂದು ಕಟ್ಟಳೆ ಇತ್ತು. ಮಗು ಹುಟ್ಟಿದೊಡನೆ ಅದನ್ನು ಮೊರದಲ್ಲಿ ಮಲಗಿಸಿ ಬೇರೆ ಮನೆಗೆ ಮಾರಿಬಿಡಬೇಕು. ಬೆಲೆ ಒಂದು ಮೊರ ತೌಡು. ಕೊಂಡವಳು ಹೊಸ್ತಿಲ ಮೇಲೆ ನಿಂತು, ಸಾವಿನ ಕಿವಿಗೆ ಬೀಳುವ ಹಾಗೆ, "ಇದು ನನ್ನ ಮಗು" ಎಂದು ಗಟ್ಟಿಯಾಗಿ ಹೇಳಬೇಕು. ಹುಡುಕಿಕೊಂಡು ಬಂದ ಸಾವು ಮನೆ ತಪ್ಪಿ ಹಿಂದಿರುಗುತ್ತದೆ ಎಂದು ನಂಬಿಕೆ. ಆಮೇಲೆ ಅದೇ ದಿನ ಹೆತ್ತವರ ಕಡೆಯವರು ಬಂದು ಅದನ್ನು ಮರಳಿ ಕೊಳ್ಳುತ್ತಾರೆ. ಆದರೆ ಆಗ ಬೆಲೆ ಎಷ್ಟೆಂದು ಮಗುವನ್ನು ಕೊಂಡವಳೇ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಮಗು ಅವಳದೇ, ಯಾರೂ ಕಿತ್ತುಕೊಳ್ಳುವಂತಿಲ್ಲ. ಅದಕ್ಕೇ ಇಂಥ ಕೆಲಸಕ್ಕೆ ಮನೆತುಂಬ ಮಕ್ಕಳಿರುವವಳನ್ನು ಕರೆಯುವುದು ವಾಡಿಕೆ.

ರೈತನ ತಾಯಿ ವಾಡಿಕೆ ಬಿಟ್ಟು ಕೆಂಚಮ್ಮನ ಮನೆಗೆ ಬಂದಳು.

"ನಿನ್ನ ಮನೆಗೆ ಸಾವು ಯಾವತ್ತೂ ಮಗು ಹುಡುಕಿಕೊಂಡು ಬಂದಿಲ್ಲ ಕಣೇ ಕೆಂಚಿ. ಅದಕ್ಕೆ ನಿನ್ನ ಬಾಗಿಲು ಗೊತ್ತಿಲ್ಲ. ನಮ್ಮ ಮನೇಲಿ ಒಂದು ಚಿಂದಿ ಬಟ್ಟೇನೂ ಎತ್ತಿಡೋದಿಲ್ಲ, ಎಲ್ಲ ನಿನ್ನ ಮನೇಲೇ ತಯಾರಾಗಲಿ. ನಿನಗೇ ಹುಟ್ಟುತ್ತೆ ಅನ್ನೋ ಹಾಗೆ ನೀನು ಕಾಯಬೇಕು. ಆಗುತ್ತಾ ನಿನ್ನ ಕೈಲಿ?"

ಮುದುಕಿಗೆ ತನ್ನ ಮಾತು ಎಲ್ಲಿ ಚುಚ್ಚಿತೆಂಬುದು ತಿಳಿಯಲಿಲ್ಲ. ಕೆಂಚಮ್ಮನಿಗೆ ಚುಚ್ಚಿದ್ದೂ ನಿಜ, ಅದರ ಹಿಂದೆಯೇ ಮೈ ಜುಮ್ಮೆಂದದ್ದೂ ನಿಜ. "ಆಗುತ್ತೆ ದೊಡ್ಡಮ್ಮ" ಎಂದಳು.

ಅಂದಿನಿಂದ ಅವಳ ಕೈಗೆ ಬಿಡುವಿಲ್ಲ. ಹಳೆಯ ಸೀರೆಗಳನ್ನು ಹರಿದು, ಒಗೆದು, ಬಿಸಿಲಿಗೆ ಹಾಕಿ, ಕೆನ್ನೆಗೆ ಒತ್ತಿಕೊಂಡು ನೋಡಿ, ಒರಟಾಯಿತೆಂದು ಮತ್ತೆ ಒಗೆದಳು. ಬಜೆ ತಂದಳು, ಸಾಂಬ್ರಾಣಿ ತಂದಳು. ಹರಳುಬೀಜವನ್ನು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ ಎಣ್ಣೆ ತೆಗೆದಳು. ನಡುಮನೆಯ ತೊಲೆಗೆ ಸೀರೆಯ ಜೋಲಿ ಕಟ್ಟಿದಳು. ಬರಿಯ ಜೋಲಿಯನ್ನು ತೂಗಬಾರದು ಎನ್ನುತ್ತಾರೆ. ಅವಳು ತೂಗಲಿಲ್ಲ. ಅದರ ಮುಂದೆ ಕೂತು ನೋಡುತ್ತಿದ್ದಳು, ಅಷ್ಟೆ. ಅವಳಿಗೆ ಆ ಮಗು ಬೇಕಿತ್ತು.

ಗಾಣಿಗ ಮೊದಮೊದಲು ಚೇಷ್ಟೆ ಮಾಡಿದ: "ಗಾಣ ಇರೋ ಮನೇಲಿ ಒಲೆ ಮೇಲೆ ಎಣ್ಣೆ ಕಾಯಿಸ್ತಿದ್ದೀಯಲ್ಲೇ!" ಆಮೇಲೆ ಅವಳ ಮುಖ ನೋಡಿ ಅವನಿಗೆ ಭಯವಾಯಿತು. "ಕೊಟ್ಟುಬಿಡಬೇಕಾದ ಮಗು ಕಣೇ. ಅಷ್ಟೊಂದು ಮನಸ್ಸು ಇಡಬೇಡ."

"ಮನಸ್ಸು ಇಡದೆ ಕಾಯೋದು ಹೇಗೆ ಅಂತ ನೀವೇ ಹೇಳಿಕೊಡಿ, ಕಲೀತೀನಿ" ಎಂದಳು ಅವಳು. ಗಾಣಿಗ ಎದ್ದು ಎತ್ತಿನ ಬಳಿ ಹೋದ.

ದಿನ ತುಂಬಿತು. ಒಂದು ಬೆಳಿಗ್ಗೆ ಸೂಲಗಿತ್ತಿ ಮೊರ ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಬಂದಳು. ಕೆಂಚಮ್ಮ ತೌಡು ಕೊಟ್ಟಳು, ಮಗುವನ್ನು ತೆಗೆದುಕೊಂಡಳು. ಹೆಣ್ಣು ಮಗು. ಮುಂಬಾಗಿಲಿಗೆ ಬಂದು ಹೊಸ್ತಿಲ ಮೇಲೆ ನಿಂತಳು. "ಇದು ನನ್ನ ಮಗು" ಎಂದು ಕೂಗಿದಳು. ಬೀದಿಯ ಕೊನೆಯವರೆಗೂ ಕೇಳಿಸಿತು.

ಮೀಯಿಸಿದಳು. ಎಣ್ಣೆ ಸವರಿದಳು, ಹೊಗೆ ಹಾಕಿದಳು, ಮೆತ್ತಗಿನ ಬಟ್ಟೆಯಲ್ಲಿ ಸುತ್ತಿದಳು. ಜೋಲಿಯಲ್ಲಿ ಮಲಗಿಸಬೇಕೆಂದು ಹೋದವಳು ಕೆಳಗಿಡಲಾರದೆ ತೊಡೆಯ ಮೇಲೆಯೇ ಇಟ್ಟುಕೊಂಡಳು. ಮಗು ಅವಳ ಬೆರಳು ಹಿಡಿಯಿತು. ಇಷ್ಟು ವರ್ಷ ಕಾದದ್ದು ಇದೇ ಮಗುವಿಗೆ ಎಂದು ಅವಳಿಗೆ ಅನ್ನಿಸಿಬಿಟ್ಟಿತು.

ಬಾಗಿಲು ತಟ್ಟಿದ ಸದ್ದಾಯಿತು. ರೈತ, ಅವನ ತಾಯಿ, ಸೂಲಗಿತ್ತಿ, ಓಣಿಯ ನಾಲ್ಕು ಜನ. "ಕೆಂಚಮ್ಮ, ಈ ಮಗುವಿನ ಬೆಲೆ ಎಷ್ಟು?" ಎಂದು ಮುದುಕಿ ಕೇಳಿದಳು.

ಕೆಂಚಮ್ಮ ಮಾತಾಡಲಿಲ್ಲ.

ಮುದುಕಿ ಮತ್ತೆ ಕೇಳಿದಳು. ಆಗಲೂ ಇಲ್ಲ. ರೈತನ ಮುಖ ಬಿಳಿಚಿಕೊಂಡಿತು. ಕೇಳಬಾರದವಳನ್ನು ಕೇಳಿಕೊಂಡೆವಲ್ಲ ಎಂದು ಎಲ್ಲರಿಗೂ ಆಗ ಹೊಳೆಯಿತು. ಗಾಣಿಗ ತಲೆಯ ಮೇಲೆ ಕೈ ಹೊತ್ತು ಜಗಲಿಯಲ್ಲಿ ಕುಸಿದ. ಅವಳು ಸುಮ್ಮನಿದ್ದರೆ ಸಾಕಿತ್ತು, ಬೇರೇನೂ ಮಾಡಬೇಕಿರಲಿಲ್ಲ.

ಅಷ್ಟರಲ್ಲಿ ಮಗು ಅವಳ ಎದೆಯ ಕಡೆಗೆ ಮುಖ ಹೊರಳಿಸಿ, ಬಾಯಿಯಿಂದ ತಡಕಾಡಿ, ಏನೂ ಸಿಗದೆ ಕಿರುಚಿ ಅತ್ತಿತು. ಆ ಅಳುವಿಗೆ ಪಕ್ಕದ ಮನೆಯ ಗೋಡೆಯಾಚೆಯಿಂದ ಹೆತ್ತವಳು ತಡೆಯಲಾರದೆ ಗೋಳೆಂದಳು. ಕೆಂಚಮ್ಮ ಒಂದು ಗಳಿಗೆ ಕಣ್ಣು ಮುಚ್ಚಿಕೊಂಡಳು.

"ಒಂದು ಮೊರ ತೌಡು" ಎಂದಳು. "ಬೇಗ ಕರಕೊಂಡು ಹೋಗಿ. ಹಸಿದಿದ್ದಾಳೆ."

ಬಟ್ಟೆ, ಬಜೆ, ಎಣ್ಣೆಯ ಗಿಂಡಿ ಎಲ್ಲವನ್ನೂ ಮಗುವಿನ ಜೊತೆಗೇ ಕಳಿಸಿದಳು. ಮರಳಿ ಬಂದ ತೌಡನ್ನು ಕಲಸಿ ಗಾಣದ ಎತ್ತಿಗೆ ಇಟ್ಟಳು. ಎತ್ತು ತಿನ್ನುತ್ತಿತ್ತು. ಅದರ ಕೊರಳಿಗೆ ಮುಖವಿಟ್ಟು ಅತ್ತಳು, ಬಿಕ್ಕಿ ಬಿಕ್ಕಿ ಅತ್ತಳು.

ಆ ಮಗು ಉಳಿಯಿತು. ತೊಟ್ಟಿಲೇರಿತು, ಅಂಬೆಗಾಲಿಟ್ಟಿತು, ಮುಂದೆ ಮದುವೆಯಾಗಿ ತಾನೂ ಹೆತ್ತಿತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ನಕ್ಕ. "ಅಂತೂ ಒಂದು ಸುಳ್ಳು ಹೇಳಿ ಸಾವಿಗೇ ಮೋಸ ಮಾಡಿದರು ಅನ್ನಿ" ಎಂದ.

ಗುರುಗಳು ಅವನನ್ನೇ ನೋಡುತ್ತ ಕೇಳಿದರು: "ಹೊಸ್ತಿಲ ಮೇಲೆ ನಿಂತು ಅವಳು ಹೇಳಿದ್ದರಲ್ಲಿ ಸುಳ್ಳು ಯಾವುದಿತ್ತಪ್ಪ?"