ಕಲಾಯಿ ಹೋದ ಕೊಪ್ಪರಿಗೆ

"ಕೇಳಿರಪ್ಪೋ ಕೇಳಿ! ಅರಮನೆಯ ಹಬ್ಬದೂಟ ಉಂಡ ನೆಂಟರೆಲ್ಲ ವಾಂತಿ ಮಾಡಿ ಹಾಸಿಗೆ ಹಿಡಿದಿದ್ದಾರೆ. ಬಾಣಸಿಗ ನಂಜಜ್ಜನಿಗೆ ನಾಳೆ ಗಲ್ಲು! ದೊರೆಯ ಮೂರು ಒಗಟು ಬಿಡಿಸಿದವರಿಗೆ ಅಡುಗೆಮನೆಯ ಯಜಮಾನಿಕೆ, ಜೊತೆಗೆ ಕೇಳಿದ ವರ. ತಪ್ಪು ಹೇಳಿದರೆ ಅವರಿಗೂ ಗಲ್ಲು!"

ಡಂಗುರ ಕೇಳಿ, ಅರಮನೆಯಲ್ಲಿ ಪಾತ್ರೆ ತಿಕ್ಕುವ ಜಡಿಯ ಕೈಲಿದ್ದ ಪಾತ್ರೆಯನ್ನು ಕೆಳಗಿಟ್ಟ. ಹುಳಿ ಬೇಯಿಸುವ ತಾಮ್ರದ ಕೊಪ್ಪರಿಗೆಯ ಒಳಗಿನ ತವರದ ಕಲಾಯಿ ಹೋಗಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಹುಳಿಗೆ ತಾಮ್ರ ತಾಗಿದರೆ ವಿಷ ಅಂತ ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಆದರೂ ತುಟಿಪಿಟಕ್ಕೆನ್ನಲಿಲ್ಲ. ಈಗ, ಪಾಪ, ಆ ಮಂಜುಗಣ್ಣಿನ ಮುದುಕ ಸಾಯಬೇಕಂತೆ! ನಾಚಿಕೆಯಿಂದ ಹಿಡಿಯಷ್ಟಾಗಿ ಜಡಿಯ ಸಭೆಗೆ ಹೋದ.

ದೊರೆ ಬೊಮ್ಮರಸ ಕೇಳಿದ: "ಒಬ್ಬನಿಗೆ ಕೊಟ್ಟರೆ ಅವನ ಬಳಿ ಇರುತ್ತದೆ, ಹತ್ತು ಜನಕ್ಕೆ ಕೊಟ್ಟರೆ ಯಾರ ಬಳಿಯೂ ಇರುವುದಿಲ್ಲ. ಏನದು? ಬಚ್ಚಿಟ್ಟಷ್ಟೂ ದೊಡ್ಡದಾಗುವುದು ಯಾವುದು? ನನ್ನ ಅಡುಗೆಮನೆಯಲ್ಲಿ ನೂರು ಬಾಯಿ, ಅವನ್ನೆಲ್ಲ ಮುಚ್ಚಿಸಿದ ಕೈ ಯಾರದು? ಕೊನೆಯದರ ಉತ್ತರ ನನಗೂ ಗೊತ್ತಿಲ್ಲ."

ದಳವಾಯಿ ಮೀಸೆ ತಿರುವಿದ. "ಮೊದಲನೆಯದು ಗುಟ್ಟು, ಪ್ರಭು!"

"ಹತ್ತು ಜನಕ್ಕೆ ಹೇಳಿದ ಗುಟ್ಟು ಹತ್ತೂ ಜನರ ಬಳಿ ಇರುತ್ತದಲ್ಲಯ್ಯ. ಎಳೆದೊಯ್ಯಿರಿ!"

ದೊರೆಯ ಭಾವಮೈದುನ ಮೊದಲನೆಯದಕ್ಕೇ ತಡವರಿಸಿ, ಅದನ್ನು ಬಿಟ್ಟು ಎರಡನೆಯದಕ್ಕೆ "ಆಸೆ" ಎಂದ.

"ಆಸೆ ಹೇಳಿಕೊಂಡರೂ ಬೆಳೆಯುತ್ತದೆ." ಅವನನ್ನೂ ಎಳೆದೊಯ್ದರು.

ಜಡಿಯ ನೆಲ ನೋಡುತ್ತ ನಿಂತ. "ಮೊದಲನೆಯದು ಹೊಣೆ, ಪ್ರಭು. ಕೊಪ್ಪರಿಗೆ ಎಲ್ಲರೂ ನೋಡಿಕೊಳ್ಳಿ ಅಂದಿರಿ. ಅವನು ನೋಡ್ತಾನೆ ಅಂತ ಇವನು, ಇವನು ನೋಡ್ತಾನೆ ಅಂತ ಅವನು. ಎರಡನೆಯದು ತಪ್ಪು. ನಾನು ಕಂಡಾಗ ಕಲಾಯಿ ಉಗುರಗಲ ಹೋಗಿತ್ತು. ಹೇಳಲಿಲ್ಲ. ಹಬ್ಬದ ಹೊತ್ತಿಗೆ ತಳವೆಲ್ಲ ಕೆಂಪಾಗಿತ್ತು." ಅವನು ತಲೆಯೆತ್ತಿ ದೊರೆಯನ್ನು ನೋಡಿದ. "ಮೂರನೆಯದು ನಿಮ್ಮದೇ ಕೈ. ಹಾಲು ಕೆಟ್ಟಿದೆ ಅಂದ ಅಡುಗೆಮನೆಯ ಚೆನ್ನವ್ವನಿಗೆ ಛಡಿ ಏಟು ಕೊಡಿಸಿದಿರಿ. ಅವತ್ತಿನಿಂದ ಯಾರೂ ಬಾಯಿ ಬಿಟ್ಟಿಲ್ಲ."

ದೊರೆ ತಲೆ ತಗ್ಗಿಸಿದ. ಆಮೇಲೆ, "ನಿಜವಪ್ಪ. ನನಗೂ ನಾಚಿಕೆಯಾಗುತ್ತಿದೆ. ವರ ಕೇಳು" ಎಂದ.

"ನಂಜಜ್ಜನನ್ನೂ ಆ ಇಬ್ಬರನ್ನೂ ಬಿಡಿ. ಒಂದೊಂದು ಕೊಪ್ಪರಿಗೆಗೂ ಒಬ್ಬೊಬ್ಬರ ಹೊಣೆ ಇರಲಿ. ಕೆಟ್ಟದ್ದು ಕಂಡು ಹೇಳಿದವರಿಗೆ ಏಟು ಬೀಳದಿರಲಿ."

ದೊರೆ ಎಲ್ಲಕ್ಕೂ ಹೂಂಗುಟ್ಟಿ, ಯಜಮಾನಿಕೆಯ ಬೆಳ್ಳಿ ಸೌಟನ್ನು ಜಡಿಯನ ಕೈಗಿತ್ತ. ಸಂಕೋಲೆ ಬಿಚ್ಚಿಸಿಕೊಂಡು ಬಂದ ನಂಜಜ್ಜ ಅವನ ಕೈ ಹಿಡಿದು, "ನನ್ನ ಜೀವ ಉಳಿಸಿದೆಯಪ್ಪಾ" ಎಂದು ಅತ್ತುಬಿಟ್ಟ.

ಜಡಿಯನಿಗೆ ತಡೆಯಲಾಗಲಿಲ್ಲ. "ಅಜ್ಜಾ, ಕಲಾಯಿ ಹೋಗಿದ್ದನ್ನ ನಾನು ಮೊದಲೇ ಕಂಡಿದ್ದೆ."

ಮುದುಕ ಮೆಲ್ಲಗೆ ಕೈ ಬಿಟ್ಟ. "ದೊರೆಗೆ ಹೆದರಿದೆ, ಸರಿ. ನನಗಾದರೂ ಹೇಳಬಾರದಿತ್ತಾ, ಮಗಾ?"

ಹೊಸ ಯಜಮಾನ ಬೆಳ್ಳಿ ಸೌಟನ್ನು ಕೆಳಗಿಟ್ಟು, ಮುದುಕನ ಕಾಲು ಮುಟ್ಟಿದ.